ಮೊಲಕ್ಕೆ ಮೂರೇ ಕಾಲು

"ತಾನು ಹಿಡಿದ ಮೊಲಕ್ಕೆ ಮೂರೇ ಕಾಲು" ಅನ್ನೋ ಗಾದೆ ನಿಮಗೆಲ್ಲ ಗೊತ್ತೇ ಇದೆ. ಹಠಮಾರಿಗಳಿಗೆ ಹೇಳೋ ಮಾತು. ನಮ್ಮಮ್ಮ ಚಿಕ್ಕಂದಿನಿಂದ ನನಗೆ ಇದನ್ನ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಆದರೆ ಒಂದು ದಿನ ನಿಜವಾಗಿಯೂ ಮೊಲ ಹಿಡಿದುಕೊಂಡು ನಿಂತು ಈ ಮಾತು ಹೇಳಿಸಿಕೊಳ್ಳುತ್ತೇನೆ, ಅದೂ ಅಮೆರಿಕಾದ ಒಹಾಯೋದಲ್ಲಿ, ಕಾರಿನ ಗ್ಯಾರೇಜಿನಲ್ಲಿ, ರಾತ್ರಿ ಹನ್ನೊಂದು ಗಂಟೆಗೆ, ಹೆಂಡತಿಯ ಬಾಯಿಂದ... ಇದನ್ನು ಮಾತ್ರ ಕನಸಿನಲ್ಲೂ ಅಂದುಕೊಂಡಿರಲಿಲ್ಲ :)

ಬಹಳ ತಿಂಗಳಾಯ್ತು ಇಲ್ಲಿ ಏನಾದರೂ ಬರೆದು. "ಎಲ್ಲಿ ಮಾಯವಾದೆ ಮಾರಾಯ" ಅಂತ ಕೇಳಿದವರಿಗೆಲ್ಲ ಒಂದೇ ಉತ್ತರ: ಮೊಲ. ನಗಬೇಡಿ. ಪೂರ್ತಿ ಓದಿ.

ನಾನು ಬಸವನಗುಡಿಯ ಹುಡುಗ. ಮದುವೆಯಾಗುವ ತನಕ ನಾನು ಮುಟ್ಟಿದ ಪ್ರಾಣಿ ಅಂದರೆ ಕಡಲೆಕಾಯಿ ಪರಿಷೆಗೆ ಬಂದಿದ್ದ ಒಂದು ಕೋಲೆಬಸವ, ಅದೂ ಅಪ್ಪ ಕೈ ಹಿಡಿದು ಮುಟ್ಟಿಸಿದ್ದಕ್ಕೆ. ನನ್ನಾಕೆ ಮಂಡ್ಯ ಜಿಲ್ಲೆಯವಳು, ಕೆ.ಆರ್.ಪೇಟೆ ಕಡೆಯ ಹಳ್ಳಿ. ಮನೆ ತುಂಬ ದನಕರು ನೋಡಿ ಬೆಳೆದವಳು. ಬಿಇ ಮುಗಿಸಿ ಬೆಂಗಳೂರಿನಲ್ಲಿ ನಾಲ್ಕು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದ್ದಳು. ನಾನು ಡೆವಲಪರ್. ನನ್ನ ಕೋಡ್ ಸರಿಯಾಗಿಯೇ ಇದೆ ಅನ್ನೋದು ನನ್ನ ಹುಟ್ಟುಗುಣ, ಅದರಲ್ಲಿ ತಪ್ಪು ಹುಡುಕೋದು ಅವಳ ಕಸುಬು. ಸಂಸಾರ ಹೇಗಿದೆ ಅಂತ ಇನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಮದುವೆಯಾಗಿ ಅವಳು ಎಚ್-4 ವೀಸಾದಲ್ಲಿ ಕೊಲಂಬಸ್‌ಗೆ ಬಂದಳು. ನನ್ನ ಗ್ರೀನ್ ಕಾರ್ಡಿನ ಐ-140 ಅನ್ನೋ ಅರ್ಜಿ ಮಂಜೂರಾಗುವ ತನಕ ಅವಳು ಕೆಲಸದ ಪರವಾನಗಿಗೆ ಅರ್ಜಿಯನ್ನೂ ಹಾಕುವಂತಿಲ್ಲ. ನಾನು ಬೆಳಿಗ್ಗೆ ಎಂಟಕ್ಕೆ ಹೋದರೆ ಬರೋದು ಸಂಜೆ ಆರಕ್ಕೆ. ಹೊರಗೆ ಹಿಮ. ಮೊದಲನೆಯ ಚಳಿಗಾಲದಲ್ಲಿ ನಾನು ಬಂದಾಗ ಬಹಳ ದಿನ ಅವಳು ಕಿಟಕಿ ಹತ್ತಿರವೇ ಕೂತಿರುತ್ತಿದ್ದಳು. "ಏನ್ ಮಾಡ್ದೆ ಇವತ್ತು?" ಅಂತ ಕೇಳುವುದನ್ನು ನಾನು ನಿಧಾನಕ್ಕೆ ಬಿಟ್ಟುಬಿಟ್ಟೆ.

ಮುಂದಿನ ಬೇಸಿಗೆಯಲ್ಲಿ ಒಂದು ಕೌಂಟಿ ಫೇರಿಗೆ ಹೋಗಿದ್ದೆವು. ನಮ್ಮೂರ ಜಾತ್ರೆಯ ಹಾಗೇ. ತಿಂಡಿ ಅಂಗಡಿ, ತಿರುಗೋ ತೊಟ್ಟಿಲು, ದನ, ಹಂದಿ, ಕುರಿ, ಕೋಳಿ. ಇಲ್ಲಿ ಹಳ್ಳಿ ಮಕ್ಕಳಿಗೆ 4-ಎಚ್ ಅಂತ ಒಂದು ಕೂಟ ಇದೆ, 1902ರಲ್ಲಿ ಇದೇ ಒಹಾಯೋದ ಕ್ಲಾರ್ಕ್ ಕೌಂಟಿಯಲ್ಲಿ ಒಬ್ಬ ಸ್ಕೂಲ್ ಸೂಪರಿಂಟೆಂಡೆಂಟ್ ಶುರುಮಾಡಿದ ಕ್ಲಬ್ಬಿನಿಂದ ಬೆಳೆದದ್ದು. ಆ ಮಕ್ಕಳು ತಾವೇ ಸಾಕಿದ ಪ್ರಾಣಿಗಳನ್ನ ತಂದು ತೋರಿಸುತ್ತಾರೆ. ಇವಳು ಮೊಲದ ಶೆಡ್ಡಿಗೆ ಹೋದವಳು ಒಂದೂವರೆ ಗಂಟೆ ಹೊರಗೆ ಬರಲಿಲ್ಲ. ಹೋಗಿ ನೋಡಿದರೆ ಎಪ್ಪತ್ತು ದಾಟಿದ ಒಬ್ಬ ಅಜ್ಜಿಯ ಜೊತೆ ಕೂತು ಮೊಲದ ಹಲ್ಲು ನೋಡುತ್ತಿದ್ದಾಳೆ! ಎಷ್ಟೋ ತಿಂಗಳ ಮೇಲೆ ಅವಳು ನಕ್ಕಿದ್ದು ಅವತ್ತು. ಆ ಅಜ್ಜಿಗೆ ನಾವು ಇಟ್ಟಿರೋ ಹೆಸರು 'ಮೊಲದಜ್ಜಿ'. ಬಾಡಿಗೆ ಮನೆಯ ಮಾಲೀಕರನ್ನು ಕೇಳಿ, ಒಪ್ಪಿಸಿ, ಅಜ್ಜಿಯಿಂದ ಮೂರು ಮೊಲ ತಂದೆವು. ಮೂರು ಹನ್ನೊಂದಾಗಲು ಎಷ್ಟು ಹೊತ್ತು, ಮೊಲ ಅಲ್ವೇ :)

ನಮ್ಮದು ಮಿನಿ ರೆಕ್ಸ್ ಅನ್ನೋ ತಳಿ. ರೆಕ್ಸ್ ಅನ್ನೋದು ಫ್ರಾನ್ಸಿನಲ್ಲಿ ಸಿಕ್ಕಿದ ಮೊಲ. ಬೇರೆ ಮೊಲಗಳಿಗೆ ಒಳಗಿನ ಮೆತ್ತನೆ ತುಪ್ಪಳದ ಮೇಲೆ ಉದ್ದನೆಯ ಒರಟು ಕೂದಲು ಇರುತ್ತೆ. ಇದರಲ್ಲಿ ಎರಡೂ ಒಂದೇ ಉದ್ದ, ಹಾಗಾಗಿ ಮುಟ್ಟಿದರೆ ಮಖಮಲ್ಲು. ಅದನ್ನೇ 1980ರ ದಶಕದಲ್ಲಿ ಟೆಕ್ಸಾಸಿನಲ್ಲಿ ಒಬ್ಬ ಹೆಂಗಸು ಚಿಕ್ಕ ಗಾತ್ರಕ್ಕೆ ಇಳಿಸಿದರು. 1988ರಲ್ಲಿ ಎಆರ್‌ಬಿಎ, ಅಂದರೆ ಅಮೆರಿಕದ ಮೊಲ ಸಾಕುವವರ ಸಂಘ, ಇದನ್ನ ತಳಿ ಅಂತ ಒಪ್ಪಿಕೊಂಡಿತು. ಈ ಸಂಘದ್ದು ಒಂದು ಪುಸ್ತಕ ಇದೆ, ಐದು ವರ್ಷಕ್ಕೊಮ್ಮೆ ಹೊಸದು ಬರುತ್ತೆ. ಪ್ರತಿ ತಳಿಯೂ ಹೇಗಿರಬೇಕು ಅಂತ ಅದರಲ್ಲಿ ಇಂಚು, ಪೌಂಡು ಲೆಕ್ಕದಲ್ಲಿ ಬರೆದಿದ್ದಾರೆ. ಮಿನಿ ರೆಕ್ಸ್‌ಗೆ ನೂರರಲ್ಲಿ 35 ಅಂಕ ಬರೀ ತುಪ್ಪಳಕ್ಕೇ. ಬೆಳೆದ ಹೆಣ್ಣು ನಾಲ್ಕೂವರೆ ಪೌಂಡ್ ಮೀರಬಾರದು (ಸುಮಾರು ಎರಡು ಕೆಜಿ), ಗಂಡು ನಾಲ್ಕೂಕಾಲು ಪೌಂಡ್. ಆರು ತಿಂಗಳಾಗದಿದ್ದರೆ ಜೂನಿಯರ್, ಆದಮೇಲೆ ಸೀನಿಯರ್. ಬಣ್ಣಕ್ಕೊಂದು ವಿಭಾಗ. ಪ್ರತಿ ಮೊಲದ ಎಡಗಿವಿಯಲ್ಲಿ ಹಚ್ಚೆ ಹಾಕಿದ ನಂಬರ್ ಇರಲೇಬೇಕು. ಮೇಜಿನ ಮುಂದೆ ನಿಂತ ಜಡ್ಜ್‌ಗೆ ಆ ನಂಬರ್ ಮಾತ್ರ ಗೊತ್ತು, ಮೊಲ ಯಾರದ್ದು ಅಂತ ಹೇಳುವುದಿಲ್ಲ.

ತಪ್ಪುಗಳಲ್ಲಿ ಎರಡು ಥರ. ಒಂದು, ಅಂಕ ಕಳೆಯುವ ತಪ್ಪು. ಕಿವಿ ಸ್ವಲ್ಪ ತೆಳು, ಸೊಂಟ ಸ್ವಲ್ಪ ಕಿರಿದು, ಹೀಗೆ. ಇನ್ನೊಂದು, ನೋಡಿದ ಕೂಡಲೇ ಮೇಜಿನಿಂದ ಇಳಿಸುವ ತಪ್ಪು. ಮೇಲಿನ ಹಲ್ಲು ಕೆಳಗಿನ ಹಲ್ಲಿನ ಮುಂದೆ ಕೂರದೆ ಅಡ್ಡಾದಿಡ್ಡಿ ಆಗಿದ್ದರೆ ಔಟ್. ಮೂಗು ಸುರಿಯುತ್ತಿದ್ದರೆ ಔಟ್. ಬಣ್ಣದ ಮೊಲಕ್ಕೆ ಒಂದೇ ಒಂದು ಬಿಳಿ ಉಗುರು ಇದ್ದರೂ ಔಟ್. ಒಂದು ಉಗುರು ಕಿತ್ತುಹೋಗಿದ್ದರೂ ಔಟ್.

ಕಾಲಿನ ವಿಷಯಕ್ಕೆ ಬರ್ತೀನಿ. ಕನಿಷ್ಠ ಮೂರು ಜನರ ಒಟ್ಟು ಐದು ಮೊಲಗಳಾದರೂ ಇರುವ ಕ್ಲಾಸಿನಲ್ಲಿ ಮೊದಲನೆಯದಾದರೆ ಆ ಮೊಲಕ್ಕೆ ಒಂದು ಸರ್ಟಿಫಿಕೇಟ್ ಕೊಡುತ್ತಾರೆ. ಅದಕ್ಕೆ ಇವರು ಕರೆಯೋದೇ 'ಲೆಗ್' ಅಂತ. ಕಾಲು! ಅಂಥವು ಮೂರು ಆಗಿ, ಮೊಲದ ನೋಂದಣಿಯೂ ಆಗಿದ್ದರೆ ಗ್ರ್ಯಾಂಡ್ ಚಾಂಪಿಯನ್ ಪಟ್ಟ. ಅಂದರೆ ಅಮೆರಿಕಾದಲ್ಲಿ ಮೂರು ಕಾಲಿನ ಮೊಲವೇ ಶ್ರೇಷ್ಠ! ಇದನ್ನ ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ "ನಿಂಗೆ ಸರಿಯಾದ ದೇಶವೇ ಸಿಕ್ತು ಬಿಡು" ಅಂದಳು.

2024ರ ಅಕ್ಟೋಬರಿನಲ್ಲಿ ನಮ್ಮ ಮೊದಲ ಶೋ. ನಮ್ಮ ಹತ್ತಿರ ಇದ್ದದ್ದು ನಾಲ್ಕು ಗೂಡಿನ ಒಂದು ಕ್ಯಾರಿಯರ್, ಹಾಗಾಗಿ ನಾಲ್ಕೇ ಮೊಲ. ಯಾವ ನಾಲ್ಕು ಅಂತ ಆರಿಸಿದ್ದು ನಾನು. ಇಂಜಿನಿಯರ್ ಅಲ್ವೇ, ಒಂದು ಎಕ್ಸೆಲ್ ಶೀಟ್ ಮಾಡಿದ್ದೆ. ತೂಕ, ವಯಸ್ಸು, ಕಿವಿಯ ಉದ್ದ, ತುಪ್ಪಳಕ್ಕೆ ಹತ್ತರಲ್ಲಿ ಇಷ್ಟು, ಮೈಕಟ್ಟಿಗೆ ಇಷ್ಟು. ಕೊನೆಯ ಕಾಲಮ್ಮಿನಲ್ಲಿ ಒಂದು ಫಾರ್ಮುಲಾ. ಮೇಲಿನ ನಾಲ್ಕು ಸಾಲು ಹಸಿರು ಬಣ್ಣ. ನಮ್ಮ ಆಫೀಸಿನಲ್ಲಿ ವರ್ಷಕ್ಕೊಮ್ಮೆ ನಮಗೆ ಮಾಡುತ್ತಾರಲ್ಲ, ಅದೇ ಮರ್ಯಾದೆ ಮೊಲಗಳಿಗೆ.

ಫಲಿತಾಂಶ ಕೇಳಿ. ಒಂದನೆಯದು: ಅಡಿಗೆಮನೆಯ ತಕ್ಕಡಿಯಲ್ಲಿ ವಾರದ ಹಿಂದೆ ತೂಗಿದ್ದೆ, ಶೋ ದಿನಕ್ಕೆ ತಿಂದು ತೂಕ ಮೀರಿತ್ತು, ಔಟ್. ಎರಡನೆಯದು: ಮುಂಗಾಲಿನ ಒಳಪಕ್ಕದ ಸಣ್ಣ ಉಗುರು ಬಿಳಿ, ನಾನು ತುಪ್ಪಳ ಸರಿಸಿ ನೋಡಿರಲೇ ಇಲ್ಲ, ಔಟ್. ಮೂರನೆಯದು: ಕೂದಲು ಉದುರುವ ಹೊತ್ತು, ಜಡ್ಜ್ ಕೈಯಾಡಿಸಿದರೆ ಮೇಜಿನ ಮೇಲೆಲ್ಲ ಹತ್ತಿ ಹಾರಿದ ಹಾಗೆ. ಕೊನೆಯ ಸ್ಥಾನ. ನಾಲ್ಕನೆಯದು ಮಾತ್ರ, ನನ್ನ 'ರಾಗಿ', ರಾಗಿ ಮುದ್ದೆಯಂಥ ಕಂದು ಬಣ್ಣದ ಗಂಡು, ಐದು ಜೂನಿಯರ್‌ಗಳಲ್ಲಿ ಮೊದಲನೆಯದಾಗಿ ಒಂದು ಲೆಗ್ ಗೆದ್ದ. ಮನುಷ್ಯನ ಮನಸ್ಸು ನೋಡಿ, ಮೂರು ಸೋತದ್ದು ಮರೆತೇ ಹೋಯ್ತು. ಒಂದು ಗೆದ್ದದ್ದು ನನ್ನ ಫಾರ್ಮುಲಾದಿಂದ ಅಂತ ಎದೆಯುಬ್ಬಿಸಿದೆ.

ಆಮೇಲೆ ಡಿಸೆಂಬರ್. 'ಬೆಲ್ಲ' ಐದು ಮರಿ ಹಾಕಿದಳು. ಬೆಲ್ಲ ಚಾಕೊಲೇಟ್ ಬಣ್ಣದ ಹೆಣ್ಣು, ನಾವು ಮೊದಲು ತಂದ ಮೂರರಲ್ಲಿ ಒಂದು. ಅವಳ ಒಂದು ಉಗುರು ಪಂಜರದ ತಂತಿಗೆ ಸಿಕ್ಕಿ ಕಿತ್ತುಹೋಗಿ, ಮತ್ತೆ ಬರಲೇ ಇಲ್ಲ. ಹಾಗಾಗಿ ಶೋಗಳಿಗೆ ಅವಳು ಯಾವತ್ತೂ ಹೋಗುವಂತಿಲ್ಲ. ನನ್ನ ಶೀಟಿನಲ್ಲಿ ಅವಳ ಹೆಸರೇ ಇರಲಿಲ್ಲ. ಮೊಲದ ಮರಿ ಹುಟ್ಟುವಾಗ ಮೈಮೇಲೆ ಕೂದಲು ಇರುವುದಿಲ್ಲ, ಕಣ್ಣೂ ಬಿಟ್ಟಿರುವುದಿಲ್ಲ. ತಾಯಿ ತನ್ನ ಮೈಯ ತುಪ್ಪಳ ಕಿತ್ತು ಗೂಡಿಗೆ ಹಾಸುತ್ತೆ, ಹಾಲು ಕೊಡೋದು ದಿನಕ್ಕೆ ಒಂದೆರಡು ಸಲ, ಕೆಲವೇ ನಿಮಿಷ. ಒಮ್ಮೊಮ್ಮೆ ಮೊಲೆ ಬಿಡದ ಮರಿ ತಾಯಿ ಹೊರಗೆ ಹಾರುವಾಗ ಜೊತೆಗೇ ಹೊರಗೆ ಬಿದ್ದುಬಿಡುತ್ತೆ. ಗೂಡಿಗೆ ಎತ್ತಿಡೋರು ಯಾರೂ ಇಲ್ಲದಿದ್ದರೆ ಆ ಚಳಿಗೆ ಅಷ್ಟೇ ಅದರ ಕಥೆ.

ಒಂದು ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಪಕ್ಕದಲ್ಲಿ ಇವಳಿಲ್ಲ. ಗ್ಯಾರೇಜಿನಲ್ಲಿ ನನ್ನ ಹಳೇ ಜಾಕೆಟ್ ಹಾಕಿಕೊಂಡು ಬಕೆಟ್ ಬೋರಲು ಹಾಕಿ ಕೂತಿದ್ದಳು. ಸ್ವೆಟರಿನ ಒಳಗೆ, ಎದೆಗೆ ಒತ್ತಿಕೊಂಡು, ಹೆಬ್ಬೆರಳಿನಷ್ಟು ಒಂದು ಕಪ್ಪು ಮರಿ. "ತಣ್ಣಗಾಗಿಬಿಟ್ಟಿತ್ತು ರೀ. ಈಗ ಸ್ವಲ್ಪ ಅಲ್ಲಾಡ್ತಿದೆ" ಅಂದಳು. ನಾನು "ಸರಿ, ಬೇಗ ಬಂದು ಮಲಗು" ಅಂತ ಹೇಳಿ ವಾಪಸ್ ಬಂದು ಮಲಗಿದೆ. ಬೆಳಿಗ್ಗೆ ಸ್ಟಾಂಡಪ್ ಮೀಟಿಂಗ್ ಇತ್ತು. ಆ ಮರಿ ಬದುಕಿತು. ಅದಕ್ಕೆ 'ಇದ್ದಿಲು' ಅಂತ ಹೆಸರಿಟ್ಟಳು.

ಈಗ 2025ರ ಏಪ್ರಿಲ್ಲಿಗೆ ಬನ್ನಿ. ವಸಂತದ ದೊಡ್ಡ ಶೋ. ಎಂಟ್ರಿ ಫಾರಂ ಕಳಿಸಲು ಮಾರನೆಯ ದಿನ ಕೊನೆ. ಹನ್ನೊಂದು ಮೊಲ, ನಾಲ್ಕು ಗೂಡು. ರಾತ್ರಿ ಊಟವಾದ ಮೇಲೆ ಗ್ಯಾರೇಜಿನಲ್ಲಿ ಮೇಜು ಹಾಕಿ, ಲ್ಯಾಪ್‌ಟಾಪ್ ತೆರೆದು ಕೂತೆ. ಈ ಸಲ ಉಗುರೆಲ್ಲ ಟಾರ್ಚ್ ಹಾಕಿ ನೋಡಿದೆ, ತೂಕಕ್ಕೆ ಹೊಸ ತಕ್ಕಡಿ ತಂದಿದ್ದೆ. ಫಾರ್ಮುಲಾ ವರ್ಷನ್ 2. ಮೊದಲ ಸಾಲಿನಲ್ಲಿ ರಾಗಿ. ಈಗ ಸೀನಿಯರ್, ಇನ್ನೆರಡು ಲೆಗ್ ಆದರೆ ಪಟ್ಟ. ಇದ್ದಿಲು ಏಳನೇ ಸಾಲಿನಲ್ಲಿ. ತೂಕ ಕಮ್ಮಿ, ಸಣ್ಣ ಮರಿ.

ಇವಳು ಬೆಲ್ಲನಿಗೆ ಹುಲ್ಲು ಹಾಕುತ್ತಾ ಅಂದಳು, "ರಾಗಿ ಬೇಡ ರೀ. ಕೋಟ್ ಮುಗೀತು ಅವಂದು."

"ನಿನ್ನೆ ತಾನೇ ಬ್ರಷ್ ಮಾಡಿದೀನಿ, ಮಿರಮಿರ ಮಿಂಚ್ತಿದಾನೆ!"

"ಮಿಂಚೋದಲ್ಲ. ಸೊಂಟದ ಮೇಲೆ ಕೈ ಒದ್ದೆ ಮಾಡ್ಕೊಂಡು ಹಿಂದಿನಿಂದ ಮುಂದಕ್ಕೆ ಆಡ್ಸಿ ನೋಡಿ. ಅಲ್ಲಿ ಕೂದಲು ಸಡಿಲ ಆಗಿದೆ. ಇನ್ನು ಹತ್ತು ದಿನಕ್ಕೆ ಉದುರುತ್ತೆ. ಶೋ ಇರೋದು ಹನ್ನೆರಡು ದಿನಕ್ಕೆ."

ನಾನು ಆಡಿಸಿ ನೋಡಿದೆ. ಅಂಗೈಗೆ ಮೂರ್ನಾಲ್ಕು ಕೂದಲು ಅಂಟಿತು. ಪ್ಯಾಂಟಿಗೆ ಒರೆಸಿಕೊಂಡೆ. "ಅಷ್ಟು ಎಲ್ಲಾ ಮೊಲಕ್ಕೂ ಇರುತ್ತೆ. ಇವನಿಗೆ ಆಗಲೇ ಒಂದು ಲೆಗ್ ಇದೆ ಕಣೇ!" ಅಂದೆ ರಾಗಿಯನ್ನು ಎತ್ತಿ ಎದೆಗೆ ಹಿಡಿದು.

ಆಗ ಬಂದಿದ್ದು ಆ ಮಾತು. "ನೀವು ಹಿಡಿದ ಮೊಲಕ್ಕೆ ಮೂರೇ ಕಾಲು ಬಿಡಿ!"

ಇಬ್ಬರೂ ಒಂದು ಕ್ಷಣ ನಕ್ಕೆವು. ಅಲ್ಲಿಗೆ ಮುಗಿಯಬೇಕಿತ್ತು. ಅವಳು ಲ್ಯಾಪ್‌ಟಾಪ್ ಕಡೆ ಬಗ್ಗಿ ಎಂಟ್ರಿ ಫಾರಂ ನೋಡಿದಳು. ನಾಲ್ಕು ಸಾಲು. ಕಿವಿ ನಂಬರ್, ತಳಿ, ಬಣ್ಣ, ಕ್ಲಾಸು. ಮೇಲೆ, ಪ್ರದರ್ಶಕರ ಹೆಸರು ಅನ್ನೋ ಕಡೆ, ನನ್ನ ಹೆಸರು. ಅಕ್ಟೋಬರಿನ ಫಾರಮ್ಮನ್ನೇ ಕಾಪಿ ಮಾಡಿ ತಿದ್ದಿದ್ದೆ. ಬರೆಯುವಾಗ ಯೋಚನೆ ಕೂಡ ಮಾಡಿರಲಿಲ್ಲ.

"ಅಕ್ಟೋಬರಲ್ಲೂ ನಿಮ್ಮ ಹೆಸರೇನಾ?"

"ಹ್ಞೂಂ... ಯಾಕೆ? ಯಾರ ಹೆಸರಾದ್ರೇನು, ಮನೆಯದ್ದು ತಾನೇ?"

ಅವಳು ಜಗಳವಾಡಲಿಲ್ಲ. ಆಡಿದ್ದರೆ ಎಷ್ಟೋ ಚೆನ್ನಾಗಿತ್ತು. ಹುಲ್ಲಿನ ಚೀಲದ ಬಾಯಿ ಕಟ್ಟುತ್ತಾ ನಿಧಾನಕ್ಕೆ ಹೇಳಿದಳು. "ಮನೆ ಲೀಸು ನಿಮ್ಮ ಹೆಸರಲ್ಲಿ. ಕಾರು ನಿಮ್ಮ ಹೆಸರಲ್ಲಿ. ಫೋನು, ಕರೆಂಟು ಎಲ್ಲ ನಿಮ್ಮ ಹೆಸರಲ್ಲಿ. ಎಲ್ಲಿ ಹೋದ್ರೂ ಸೋಷಿಯಲ್ ಸೆಕ್ಯುರಿಟಿ ನಂಬರ್ ಕೇಳ್ತಾರೆ, ಕೆಲಸ ಇಲ್ದಿರೋ ಎಚ್-4ಗೆ ಅದು ಕೊಡಲ್ಲ. ಈ ಮೊಲಗಳ ಕಿವಿಯಲ್ಲೂ ಒಂದೊಂದು ನಂಬರ್ ಇದೆ ರೀ. ಈ ದೇಶದಲ್ಲಿ ನಂಗೆ ಅದೂ ಇಲ್ಲ."

ಲೈಟ್ ಆರಿಸದೇ ಒಳಗೆ ಹೋದಳು. ನಾನು ಮೊಲ ಹಿಡಿದುಕೊಂಡು ನಿಂತೇ ಇದ್ದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಶೀಟ್ ತೆಗೆದು ನೋಡಿದೆ. ಹದಿನೇಳು ಕಾಲಮ್. ದಿನಾ ಬೆಳಿಗ್ಗೆ ನೀರಿನ ಬಾಟಲಿ ಬದಲಾಯಿಸೋದು ಯಾರು, ಯಾವುದು ನಿನ್ನೆ ಕಾಳು ಬಿಟ್ಟಿತು, ಯಾವುದು ಅಪರಿಚಿತರು ಮುಟ್ಟಿದರೆ ಒದೆಯುತ್ತೆ, ಯಾವುದು ಮೇಜಿನ ಮೇಲೆ ಅಲ್ಲಾಡದೆ ಕೂರುತ್ತೆ... ಇದು ಯಾವುದಕ್ಕೂ ಕಾಲಮ್ ಇರಲಿಲ್ಲ. ಇದೆಲ್ಲ ಗೊತ್ತಿದ್ದವಳನ್ನು ನಾನು ಒಂದು ಮಾತೂ ಕೇಳಿರಲಿಲ್ಲ. ಹೋದ ವರ್ಷ ಮೊಲದಜ್ಜಿ ಕೂಡ ನನ್ನ ಶೀಟ್ ನೋಡಿ "ಚೆನ್ನಾಗಿದೆ, ಆದರೆ ಮೊಲ ಎಲ್ಲಿ?" ಅಂದಿದ್ದರು. ತಮಾಷೆ ಅಂದುಕೊಂಡಿದ್ದೆ.

ಬೆಳಿಗ್ಗೆ ಕಾಫಿ ಮಾಡಿಕೊಂಡು ಹೋದೆ (ಹೌದು, ನಾನೇ ಮಾಡಿದೆ). ಫಾರಮ್ಮಿನಲ್ಲಿ ನನ್ನ ಹೆಸರು ಅಳಿಸಿ ಅವಳ ಮುಂದೆ ಇಟ್ಟೆ. "ನಾಲ್ಕು ನೀನೇ ಆರಿಸು" ಅಂದೆ. ಅವಳು ಕಾಫಿ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, "ಹೆಸರು ಹಾಕಿದ್ದಕ್ಕೆ ಆರಿಸಲ್ಲ, ಆರಿಸೋಕೆ ಬರುತ್ತೆ ಅಂತ ಆರಿಸ್ತೀನಿ" ಅಂದಳು. ಬೈಸಿಕೊಂಡದ್ದು ಹಿತವಾಗಿತ್ತು.

ಅವಳ ತಾತ ಎತ್ತು ಕಟ್ಟುತ್ತಿದ್ದವರು. ಹಳ್ಳಿಕಾರ್ ಜೋಡಿ ಅಂದರೆ ಪ್ರಾಣ. ಹೇಮಗಿರಿಯ ದನದ ಜಾತ್ರೆಗೆ ಈ ಮೊಮ್ಮಗಳನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರಂತೆ. ಹಲ್ಲು ಎಣಿಸಿ ವಯಸ್ಸು ಹೇಳೋದು, ಸುಳಿ ನೋಡೋದು, ಟವೆಲ್ಲಿನ ಕೆಳಗೆ ಬೆರಳು ಹಿಡಿದು ರೇಟ್ ಮಾತಾಡೋದು, ಎಲ್ಲ ಇವಳು ಅಲ್ಲೇ ನೋಡಿದ್ದು. ನಾನು ಸುಳಿ ಅಂದರೆ ತಲೆಯಲ್ಲಿ ಇರೋದು ಅಂತಷ್ಟೇ ತಿಳಿದವನು.

"ತಾತ ಒಂದು ಮಾತು ಹೇಳ್ತಿತ್ತು," ಅಂದಳು ಬೆಲ್ಲನ ಗೂಡಿನ ಬಾಗಿಲು ತೆಗೆಯುತ್ತಾ. "ಜಾತ್ರೆಯಲ್ಲಿ ಎತ್ತಿನ ಯಜಮಾನನ್ನ ಕೇಳ್ಬೇಡ, ಮೇವು ಹಾಕೋ ಹುಡುಗನ್ನ ಕೇಳು. ಯಜಮಾನ ಎತ್ತು ಹೆಂಗೆ ಕಾಣ್ಬೇಕೋ ಹಂಗೆ ಹೇಳ್ತಾನೆ, ಹುಡುಗ ಹೆಂಗಿದೆಯೋ ಹಂಗೆ ಹೇಳ್ತಾನೆ ಅಂತ."

ನಾನು ಏನೂ ಮಾತಾಡಲಿಲ್ಲ.

ಅವಳು ಆರಿಸುವ ಕ್ರಮವೇ ಬೇರೆ. ಮೊದಲು ಒಂದನ್ನೂ ಎತ್ತಲಿಲ್ಲ. ಬೆಳಗಿನ ಕಾಳು ಹಾಕಿ ಸುಮ್ಮನೆ ನಿಂತು ನೋಡಿದಳು. ಯಾವುದು ಕೂಡಲೇ ಬಂತು, ಯಾವುದು ಮೂಲೆಯಲ್ಲೇ ಕೂತಿತು. "ಹೊಟ್ಟೆ ಸರಿ ಇಲ್ದೇ ಇರೋದನ್ನ ಕಾರಲ್ಲಿ ಎರಡು ಗಂಟೆ ಕೂರಿಸಿದ್ರೆ ಸತ್ತೇ ಹೋಗುತ್ತೆ" ಅಂತ ಎರಡನ್ನು ಅಲ್ಲೇ ಬಿಟ್ಟಳು. ಆಮೇಲೆ ಹಲ್ಲು, ಉಗುರು, ಮೂಗು, ಮುಂಗಾಲಿನ ಒಳಪಕ್ಕ. ಮೊಲ ಮುಂಗಾಲಿನಿಂದಲೇ ಮೂಗು ಒರೆಸಿಕೊಳ್ಳುತ್ತೆ. ಮೂಗು ಒಣಗಿದ್ದರೂ ಅಲ್ಲಿ ಕೂದಲು ಗಂಟುಕಟ್ಟಿದ್ದರೆ ನೆಗಡಿ ಇದೆ ಅಂತ ಅರ್ಥವಂತೆ. ಆಮೇಲೆ ಮೇಜಿನ ಮೇಲೆ ಕೂರಿಸಿ ಕಣ್ಣು ಮುಚ್ಚಿ ಕೈಯಾಡಿಸಿದಳು. ಭುಜದಿಂದ ಸೊಂಟದ ತನಕ ಬೆನ್ನು ನುಣ್ಣಗೆ ಏರಿ ಇಳಿಯಬೇಕು, ಮಧ್ಯೆ ಮೂಳೆ ಕೈಗೆ ಸಿಗಬಾರದು. ತುಪ್ಪಳವನ್ನು ಹಿಮ್ಮುಖವಾಗಿ ಸವರಿದರೆ ಸ್ಪ್ರಿಂಗಿನ ಹಾಗೆ ಬೆರಳನ್ನು ವಾಪಸ್ ತಳ್ಳಬೇಕು. ನನ್ನ ಕೈಯನ್ನೂ ಹಿಡಿದು ಆಡಿಸಿದಳು. ಮೊದಲು ರಾಗಿಯ ಮೇಲೆ, ಆಮೇಲೆ ಇದ್ದಿಲಿನ ಮೇಲೆ. ವ್ಯತ್ಯಾಸ ಗೊತ್ತಾಗಲು ನನ್ನಂಥ ದಡ್ಡನಿಗೂ ಐದು ಸೆಕೆಂಡ್ ಸಾಕಾಯ್ತು.

ಅವಳ ಪಟ್ಟಿ: ಇದ್ದಿಲು (ಕಪ್ಪು, ಜೂನಿಯರ್ ಹೆಣ್ಣು), 'ಕೆಂಡ' (ಕೆಂಪು, ಸೀನಿಯರ್ ಹೆಣ್ಣು), 'ಮೋಡ' (ನೀಲಿಬೂದು, ಸೀನಿಯರ್ ಗಂಡು). ನಾಲ್ಕನೆಯ ಗೂಡು ಖಾಲಿ ಬಿಟ್ಟಳು.

"ನಾಲ್ಕನೇದು?"

"ಆರಿಸೋಕೆ ಮೂರೇ ಇರೋದು. ನಾಲ್ಕು ಗೂಡಿದೆ ಅಂತ ನಾಲ್ಕು ತಗೊಂಡು ಹೋಗ್ಬೇಕಾ?" ಆಮೇಲೆ ನನ್ನ ಮುಖ ನೋಡಿ ಅವಳೇ ಅಂದಳು, "ಆಯ್ತು, ನಿಮ್ಮ ರಾಗಿ ಬರ್ಲಿ. ಜಡ್ಜ್ ಬಾಯಲ್ಲೇ ಕೇಳಿ."

ಶೋ ದಿನ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೊರಟೆವು. ಫೇರ್‌ಗ್ರೌಂಡಿನ ದೊಡ್ಡ ಶೆಡ್ಡು, ಸಾಲು ಸಾಲು ಮೇಜು, ನೂರಾರು ಮೊಲ. ಇಲ್ಲಿ ಒಂದು ಭಯವೂ ಇರುತ್ತೆ. ಮೊಲಗಳಿಗೆ ರಕ್ತಸ್ರಾವದ ಒಂದು ವೈರಸ್ ರೋಗ ಇದೆ, ಎರಡೇ ದಿನದಲ್ಲಿ ಕೊಲ್ಲಬಲ್ಲದು. ಅದರ ಹೊಸ ರೂಪ 2018ರಲ್ಲಿ ಇದೇ ಒಹಾಯೋದ ಮದೀನಾ ಕೌಂಟಿಯಲ್ಲೂ ಕಾಣಿಸಿಕೊಂಡಿತ್ತು. ಅದಕ್ಕೇ ಲಸಿಕೆ ಹಾಕಿಸದ ಮೊಲವನ್ನು ಇವಳು ಮನೆಯಿಂದ ಆಚೆ ಕಳಿಸೋದಿಲ್ಲ. ಶೋನಿಂದ ಬಂದವು ಎರಡು ವಾರ ಬೇರೆ ಮೂಲೆಯಲ್ಲಿ. ಒಂದನ್ನು ಶೋಗೆ ಆರಿಸೋದು ಅಂದರೆ ಅದನ್ನು ಅಷ್ಟು ಅಪಾಯಕ್ಕೆ ಒಡ್ಡೋದು ಕೂಡ, ಇದೂ ನನ್ನ ಶೀಟಿನಲ್ಲಿ ಇರಲಿಲ್ಲ.

ಮೊದಲು ರಾಗಿಯ ಕ್ಲಾಸು. ಏಳು ಸೀನಿಯರ್ ಗಂಡು. ಜಡ್ಜ್ ಬಿಳಿ ಕೋಟು ಹಾಕಿದ್ದ ಒಬ್ಬ ದಪ್ಪ ಮೀಸೆಯ ಮನುಷ್ಯ. ರಾಗಿಯ ಸೊಂಟದ ಮೇಲೆ ಒಂದೇ ಸಲ ಕೈ ಆಡಿಸಿದರು, ಮೇಜಿನ ಕಾರ್ಪೆಟ್ಟಿನ ಮೇಲೆ ಕೂದಲು ಉದುರಿತು. "ಒಳ್ಳೆ ಗಂಡು. ತಪ್ಪಾದ ದಿನ ಬಂದಿದಾನೆ" ಅಂದರು. ಆರನೇ ಸ್ಥಾನ. ಇವಳು ನನ್ನ ಕಡೆ ನೋಡಲೂ ಇಲ್ಲ. ಅದು ಅವಳ ದೊಡ್ಡತನ.

ಮೋಡ ಮೂರನೆಯವನಾದ. ಕೆಂಡ ಎರಡನೆಯವಳು.

ಕಪ್ಪು ಜೂನಿಯರ್ ಹೆಣ್ಣುಗಳು ಆರು, ನಾಲ್ಕು ಜನ ತಂದದ್ದು. ಇದ್ದಿಲು ಎಲ್ಲರಿಗಿಂತ ಚಿಕ್ಕವಳು. ಪಕ್ಕದ ಮೊಲಗಳು ಮೇಜಿನಿಂದ ಇಳಿಯಲು ಒದ್ದಾಡುತ್ತಿದ್ದರೆ ಇವಳು ಮಾತ್ರ ಕಲ್ಲಿನ ಬಸವನ ಹಾಗೆ ಕೂತಿದ್ದಳು. ದಿನಾ ಯಾರೋ ಎತ್ತಿ ಮೇಜಿನ ಮೇಲೆ ಕೂರಿಸಿ ಅಭ್ಯಾಸ ಮಾಡಿಸಿದ್ದರು ಅಂತ ನನಗೆ ಅಲ್ಲೇ ಗೊತ್ತಾದದ್ದು. ಜಡ್ಜ್ ತುಪ್ಪಳವನ್ನು ಹಿಮ್ಮುಖ ಸವರಿದರು, ಮುಂದೆ ಹೋದರು, ಮತ್ತೆ ವಾಪಸ್ ಬಂದು ಇನ್ನೊಮ್ಮೆ ಸವರಿದರು. ನನ್ನ ತೋಳು ಹಿಡಿದುಕೊಂಡಿದ್ದ ಕೈ ಬಿಗಿಯಾಯ್ತು. ಒಂದೊಂದಾಗಿ ಐದು ಮೊಲ ಮೇಜಿನಿಂದ ಇಳಿದವು. ಕೊನೆಗೆ ಉಳಿದದ್ದು ಇದ್ದಿಲು.

ಅವಳು ಕುಣಿಯಲಿಲ್ಲ, ಕೂಗಲಿಲ್ಲ. ಹೋಗಿ ಮರಿಯನ್ನು ಎತ್ತಿ ಸ್ವೆಟರಿಗೆ ಒತ್ತಿಕೊಂಡಳು, ಆ ಡಿಸೆಂಬರಿನ ರಾತ್ರಿ ಹಿಡಿದಿದ್ದ ಹಾಗೇ. ಮುಂದಿನ ಸುತ್ತಿನಲ್ಲಿ ಕಪ್ಪು ಮೊಲಗಳಲ್ಲೇ ಶ್ರೇಷ್ಠ ಯಾವುದು ಅಂತ ನೋಡುವಾಗ ಒಂದು ಸೀನಿಯರ್ ಗೆದ್ದಿತು. ನ್ಯಾಯವಾಗಿಯೇ ಗೆದ್ದಿತು, ಅಂಥ ಮೊಲ ಅದು. ನಮಗೇನೂ ಬೇಜಾರಾಗಲಿಲ್ಲ.

ಇನ್ನೊಂದು ವಿಷಯ ಹೇಳದಿದ್ದರೆ ತಪ್ಪಾಗುತ್ತೆ. ಆರಿಸಿಕೊಂಡವುಗಳ ಕಥೆ ಎಲ್ಲರೂ ಬರೀತಾರೆ. ಉಳಿದವು ಏನಾಗುತ್ತವೆ? ಕೆಲವರ ಮನೆಯಲ್ಲಿ ಶೋಗೆ ಬಾರದವು ಅಡಿಗೆಗೆ ಹೋಗುತ್ತವೆ, ಮೊಲದಜ್ಜಿಯೂ ಅದನ್ನ ಮುಚ್ಚಿಡುವುದಿಲ್ಲ. ನಮ್ಮ ಬಿಳಿ ಉಗುರಿನವನನ್ನು 4-ಎಚ್‌ನ ಒಬ್ಬ ಹುಡುಗ ಸಾಕಲು ತೆಗೆದುಕೊಂಡು ಹೋದ. ಇನ್ನು ಮೇಲೆ ಎಷ್ಟು ಮರಿಗೆ ಮನೆ ಸಿಗುತ್ತೋ ಅಷ್ಟೇ ಮರಿ ಮಾಡಿಸೋದು ಅಂತ ಇವಳ ಕಾನೂನು. ಉಗುರಿಲ್ಲದ ಬೆಲ್ಲ ನಮ್ಮಲ್ಲೇ ಇದ್ದಾಳೆ, ಇರುತ್ತಾಳೆ. ಇದ್ದಿಲಿನ ತುಪ್ಪಳ ಆ ತಾಯಿಯದ್ದೇ.

ಕೆಲವು ವಾರ ಬಿಟ್ಟು ಅಂಚೆಯಲ್ಲಿ ಲೆಗ್ ಸರ್ಟಿಫಿಕೇಟ್ ಬಂತು. ಚಿಕ್ಕ ಕಾಗದ. ಕಿವಿ ನಂಬರ್, ತಳಿ, ಜಡ್ಜ್ ಹೆಸರು, ಮೊಲದ ಒಡೆಯರ ಹೆಸರು. ಅವಳ ಹೆಸರಿನ ಸ್ಪೆಲ್ಲಿಂಗಿನಲ್ಲಿ ಒಂದು ಅಕ್ಷರ ತಪ್ಪಿತ್ತು. ಪರವಾಗಿಲ್ಲ ಅಂದಳು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಊರಿಗೆ ಫೋನ್ ಹಚ್ಚಿದಳು. ತಾತನಿಗೆ ಈಗ ಕಿವಿ ಸ್ವಲ್ಪ ಮಂದ, ಸ್ಪೀಕರ್ ಹಾಕಿ ಕೂಗಬೇಕು. ಹಾಗಾಗಿ ನನಗೂ ಎಲ್ಲ ಕೇಳಿಸಿತು.

"ಮೊಲಕ್ಕೂ ಹಲ್ಲು ನೋಡ್ತಾರೇನವ್ವ ಅಲ್ಲಿ?"

"ಹ್ಞೂಂ ತಾತ, ಹಲ್ಲು, ಉಗುರು, ಎಲ್ಲಾ."

"ಗೆದ್ದಿದ್ಕೆ ಏನ್ ಕೊಟ್ರು? ದುಡ್ಡೋ, ಬಂಗಾರವೋ?"

"ದುಡ್ಡಿಲ್ಲ ತಾತ. ಒಂದು ಕಾಗದ."

"ಬರೀ ಕಾಗದವಾ? ಅದ್ರಾಗೆ ಏನ್ ಬರ್ದವ್ರೆ?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು, "ನನ್ ಹೆಸ್ರು ತಾತ."

ಇನ್ನೂ ಎರಡು ಕಾಲು ಬಾಕಿ ಇದೆ.